ಹಿನ್ನೀರಿನ ನಡುವೆ ಸೀನುವ ಕಾರ್ಬುರೇಟರ್ ಮಹಾಶಯರಿಗೆ

ಮಾನ್ಯರೇ,

ನಮ್ಮ ದೋಣಿಯ ಬೆನ್ನಿಗೆ ಅಜ್ಜನ ಕಾಲದಿಂದ ಕಚ್ಚಿಕೊಂಡಿರುವ ಮೋಟಾರಿನೊಳಗೆ ವಿರಾಜಮಾನರಾಗಿರುವ ತಮಗೆ, ತಮ್ಮ ಮನೆಯ ಹೊಸ ಸೊಸೆಯ ಸಾವಿರ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳಬೇಕಾಗಿಲ್ಲ. ಮದುವೆಯಾದಂದಿನಿಂದ ನನ್ನ ಗಂಡ ತಮ್ಮ ಕ್ಷೇಮಸಮಾಚಾರವನ್ನಲ್ಲದೆ ಬೇರೇನನ್ನೂ ಮಾತಾಡಿಲ್ಲ.

ಅವರಷ್ಟು ಒಳ್ಳೆಯವರು ಭೂಮಿಯ ಮೇಲಿಲ್ಲ. ಎಷ್ಟು ನೋಡಿದರೂ ನನಗೆ ಸಾಕಾಗುವುದಿಲ್ಲ. ತಮ್ಮ ಮೇಲೆ ಸದಾ ಬಗ್ಗಿರುವುದರಿಂದ ಬೆನ್ನನ್ನೇ ಹೆಚ್ಚು ನೋಡಿದ್ದೇನೆ, ಅದೂ ಚೆನ್ನಾಗಿದೆ. ನನ್ನ ತವರು ಆಚೆ ದಡದಲ್ಲಿದೆ. ಹೆಂಡತಿಯನ್ನು ಮೊದಲ ಸಲ ತವರಿಗೆ ಈ ದೋಣಿಯಲ್ಲೇ, ಈ ಮೋಟಾರಿನಲ್ಲೇ ಕರೆದೊಯ್ಯುತ್ತೇನೆಂದು ಅವರು ಮದುವೆಮನೆಯಲ್ಲಿ ಎಲ್ಲರೆದುರು ಹೇಳಿಬಿಟ್ಟರು. ಹಾಗಾಗಿ ಬಸ್ಸಿನಲ್ಲಿ ಹೋದರೆ ಮಾನ ಹೋಗುತ್ತದೆ, ದೋಣಿಯಲ್ಲಿ ಹೊರಟರೆ ನಡುನೀರಿನಲ್ಲಿ ತಾವು ಸೀನಿ ಸುಮ್ಮನಾಗುತ್ತೀರಿ. ಅಮ್ಮ ಕಟ್ಟೆಯ ಮೇಲೆ ನಿಂತು ಕಾದದ್ದೇ ಬಂತು.

ತಮ್ಮದು ಚಂಚಲ ಸ್ವಭಾವವೆಂದು ಮನೆಯವರೆಲ್ಲರ ನಂಬಿಕೆ. ಅಡುಗೆಮನೆಯ ಕಿಟಕಿಯಿಂದ ನಾನು ಕಂಡದ್ದೇ ಬೇರೆ. ಬೆಳಿಗ್ಗೆ ಮಾವ ಬಂದು, 'ಪಾಪ, ಹಸಿದಿದೆ' ಎಂದು ತಮ್ಮ ಸ್ಕ್ರೂ ಒಂಚೂರು ಸಡಿಲಿಸಿ ಪೆಟ್ರೋಲು ಹೆಚ್ಚಿಸುತ್ತಾರೆ. ಸಂಜೆ ಮಗ ಬಂದು, 'ಕುಡಿದು ಕೊಬ್ಬಿದೆ' ಎಂದು ಅಷ್ಟೇ ಬಿಗಿ ಮಾಡಿ ಗಾಳಿ ಕುಡಿಸುತ್ತಾರೆ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿಯದು. ಇಬ್ಬರೂ ಊಟಕ್ಕೆ ಕೂತಾಗ, ನಿನ್ನೆ ಸರಿಯಿದ್ದದ್ದು ಇವತ್ತು ಹೇಗೆ ಕೆಟ್ಟಿತೆಂದು ಒಟ್ಟಾಗಿ ಅಚ್ಚರಿಪಡುತ್ತಾರೆ. ಅವರಿಬ್ಬರ ನಡುವೆ ಇಷ್ಟು ಒಮ್ಮತ ಮೂಡಿಸಿದ ತಮಗೆ ಸನ್ಮಾನವಾಗಬೇಕು.

ನಿಜ ಹೇಳೋಣವೆಂದರೆ ಯಾರ ಕಿವಿ ಸುಳ್ಳೆನ್ನಲಿ? ಮೋಟಾರಿನ ಸದ್ದು ಕೇಳಿಯೇ ರೋಗ ಹೇಳುತ್ತೇವೆನ್ನುವವರು ಇಬ್ಬರೂ. ಗಂಡನ ಪರ ವಹಿಸಿದರೆ ಮಾವನಿಗೆ ಬೇಸರ, ಮಾವನ ಪರ ವಹಿಸಿದರೆ ನನಗೇ ಬೇಸರ. ಆದ್ದರಿಂದ ತಮ್ಮಲ್ಲೇ ಬಿನ್ನಹ: ದಯಮಾಡಿ ಇನ್ನೆರಡು ಸ್ಕ್ರೂಗಳನ್ನು ಬೆಳೆಸಿಕೊಳ್ಳಿ. ಒಂದು ಅಪ್ಪನಿಗೆ, ಒಂದು ಮಗನಿಗೆ, ಎರಡಕ್ಕೂ ಒಳಗಿನ ಯಂತ್ರದೊಂದಿಗೆ ಯಾವ ಸಂಬಂಧವೂ ಬೇಡ.

ತಾವು ಒಪ್ಪುವ ತನಕ ಕಾಯುವ ತಾಳ್ಮೆ ನನಗಿತ್ತು, ಅತ್ತೆಗಿರಲಿಲ್ಲ. ನಿನ್ನೆ ಅವರು ಸೆರಗು ಸಿಕ್ಕಿಸಿ, 'ಇವರಿಬ್ಬರದ್ದು ಈ ಜನ್ಮಕ್ಕೆ ಮುಗಿಯಲ್ಲ ಕಣೇ. ಹುಟ್ಟು ನೀನು ಹಿಡ್ಕೋತೀಯೋ, ನಾನು ಹಿಡ್ಕೊಳ್ಳಲೋ' ಎಂದರು. ತಮ್ಮನ್ನು ಮೋಟಾರಿನ ಸಮೇತ ಗೌರವದಿಂದ ನೀರಿನಿಂದ ಮೇಲಕ್ಕೆತ್ತಿ ಕಟ್ಟಿ, ಸರದಿಯಲ್ಲಿ ಹುಟ್ಟು ಹಾಕುತ್ತಾ ದಡ ಸೇರಿದೆವು. ತಾವು ಇಷ್ಟು ಸೊಗಸಾಗಿ, ಒಮ್ಮೆಯೂ ಸೀನದೆ ಪ್ರಯಾಣ ಮಾಡಿದ್ದನ್ನು ನಾನು ಕಂಡೇ ಇರಲಿಲ್ಲ.

ತಮ್ಮ ಅನುಗ್ರಹದಿಂದ ಅಂಗೈ ಬೊಬ್ಬೆ ಎದ್ದಿರುವ,
ತಮ್ಮ ವಿಶ್ವಾಸಿ,
ತವರಿನಲ್ಲಿರುವ ಸೊಸೆ

ತಾ.ಕ.: ನನ್ನ ಗಂಡ ಮಾನ ಬಿಟ್ಟು ಬಸ್ಸಿನಲ್ಲೇ ಬಂದರು, ನನಗೆ ಕಣ್ಣು ತುಂಬಿತು. ಒಳಗೆ ಬರುವ ಮೊದಲೇ ನಮ್ಮಪ್ಪ ಅವರನ್ನು ದೋಣಿಯಲ್ಲಿರುವ ತಮ್ಮ ಸನ್ನಿಧಿಗೆ ಕರೆದೊಯ್ದರು. ಈವರೆಗೆ ಸೈಕಲ್ಲಿಗೂ ಎಣ್ಣೆ ಬಿಡದ ಅಪ್ಪ, 'ಒಂಚೂರು ತಿರುಗಿಸಿದ್ರೆ ಸರಿಹೋಗುತ್ತಲ್ವಾ ಅಳಿಯಂದಿರೇ' ಎನ್ನುತ್ತಿದ್ದಾರೆ. ನಮ್ಮಮ್ಮ ಅತ್ತೆಯ ಹತ್ತಿರ ಹುಟ್ಟು ಹಾಕುವುದನ್ನು ಕಲಿಯಲು ಕೂತಿದ್ದಾಳೆ.