ಮ್ಯೂಸಿಯಮ್ಮಿನಲ್ಲಿ ಹೆಣ್ಣು ನೋಡಿದ್ದು

ಎಲ್ಲದಕ್ಕೂ ಕಾರಣ ಇಸ್ತ್ರಿ ಪೆಟ್ಟಿಗೆ. ಶನಿವಾರ ಬೆಳಿಗ್ಗೆ ಎಂಟಕ್ಕೆ ಲಕ್ಷ್ಮೀಶ ಮಹಡಿಯ ತನ್ನ ಕೋಣೆಯಿಂದ ಇಳಿದು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಆಂಟಿ, ಐರನ್ ಬಾಕ್ಸ್ ಸ್ವಲ್ಪ ಕೊಡ್ತೀರಾ?" ಎಂದು ಕೇಳಿದ. ಬೇರೆ ಯಾರಾದರೂ ಆಗಿದ್ದರೆ ಕೊಟ್ಟು ಸುಮ್ಮನಾಗುತ್ತಿದ್ದರು. ಪಾರ್ವತೆವ್ವ ಒಲೆಯ ಮೇಲಿನ ರೊಟ್ಟಿಯನ್ನು ಅದರ ಪಾಡಿಗೆ ಬಿಟ್ಟು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎಂಟು ತಿಂಗಳಾತು ನೀ ನಮ್ಮ ಮನಿಗೆ ಬಂದು. ಒಂದ್ ದಿನಾನೂ ಅಂಗಿಗೆ ಇಸ್ತ್ರಿ ಹಾಕಿದ್ದು ನಾ ಕಂಡಿಲ್ಲ. ಯಾರಪಾ ಹುಡುಗಿ?"

"ಹುಡುಗಿ ಗಿಡುಗಿ ಏನಿಲ್ಲ ಆಂಟಿ. ಮ್ಯೂಸಿಯಂಗೆ ಹೋಗ್ತಿದ್ದೀನಿ, ಅಷ್ಟೇ."

"ಸತ್ತೋರ ಸಾಮಾನು ನೋಡಾಕ ಇಸ್ತ್ರಿ ಅಂಗಿ ಯಾಕ ಬೇಕು?"

ಲಕ್ಷ್ಮೀಶ ಕೈಯಲ್ಲಿದ್ದ ಮುದುರಿದ ಅಂಗಿಯನ್ನು ಬೆನ್ನ ಹಿಂದೆ ಸರಿಸಿದ. ಬೆಂಗಳೂರಿನಿಂದ ಲಂಡನ್ನಿಗೆ ಬಂದು ಐದು ವರ್ಷ, ಕಂಪ್ಯೂಟರ್ ಕಂಪನಿಯಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಕೆಲಸ, ವಯಸ್ಸು ಮೂವತ್ತನಾಲ್ಕು. ಬೇರೆಯವರ ತಪ್ಪು ಕಂಡುಹಿಡಿಯುವವನಿಗೆ ತನ್ನದನ್ನು ಮುಚ್ಚಿಟ್ಟುಕೊಳ್ಳಲು ಬರುವುದಿಲ್ಲ. ಐದು ನಿಮಿಷದಲ್ಲಿ ಎಲ್ಲವನ್ನೂ ಒಪ್ಪಿಸಿಬಿಟ್ಟ. ಹುಡುಗಿಯ ಹೆಸರು ವಂದನಾ. ಧಾರವಾಡದವಳು, ಈಸ್ಟ್ ಹ್ಯಾಮ್‌ನಲ್ಲಿದ್ದಾಳೆ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮದುವೆಯಾಗಿ ಹನ್ನೊಂದು ತಿಂಗಳಿಗೆ ಗಂಡ ತೀರಿಕೊಂಡ. ಅದಾಗಿ ಮೂರು ವರ್ಷ. ಅವಳ ಅಣ್ಣ ಈಮೇಲಿನಲ್ಲಿ ವಿಷಯ ಕುದುರಿಸಿದ್ದ. ಮ್ಯೂಸಿಯಮ್ಮೇ ಆಗಲಿ ಎಂದವಳು ಮಾತ್ರ ವಂದನಾ. 'ಅಲ್ಲಾದರೆ ಮಾತು ಮುಗಿದ ಮೇಲೂ ನೋಡಲು ಏನಾದರೂ ಇರುತ್ತದೆ' ಎಂದು ಒಂದೇ ಸಾಲು ಬರೆದಿದ್ದಳು. ಆ ಸಾಲನ್ನು ಲಕ್ಷ್ಮೀಶ ಎಷ್ಟು ಸಲ ಓದಿದ್ದನೆಂದರೆ, ನೋಡದೆಯೇ ಆ ಹುಡುಗಿಯ ಮೇಲೆ ಅವನಿಗೆ ಮನಸ್ಸಾಗಿಬಿಟ್ಟಿತ್ತು. ಅವಳ ಜೊತೆ ಒಂದೇ ಒಂದು ಗಂಟೆ ಯಾರೂ ಇಲ್ಲದೆ ಮಾತಾಡಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

"ಆಂಟಿ, ದಯವಿಟ್ಟು ಯಾರಿಗೂ ಹೇಳ್ಬೇಡಿ."

"ನಾ ಯಾರಿಗಪಾ ಹೇಳ್ಲಿ?" ಎಂದ ಪಾರ್ವತೆವ್ವ, ಅವನು ಅಂಗಿಯ ಎಡತೋಳು ಮುಗಿಸುವಷ್ಟರಲ್ಲಿ ಗಂಡ ವೀರಣ್ಣನವರಿಗೆ ಹೇಳಿದರು, ಬಲತೋಳು ಮುಗಿಸುವಷ್ಟರಲ್ಲಿ ಬೇಲಿಯ ಮೇಲಿಂದ ಪಕ್ಕದ ಮನೆಯ ಅನಂತಮೂರ್ತಿಗಳಿಗೂ ಹೇಳಿಯಾಗಿತ್ತು. ವಿಜಾಪುರದ ಕಡೆಯಿಂದ ಎಪ್ಪತ್ತರ ದಶಕದಲ್ಲೇ ಬಂದು ಕಿಂಗ್ಸ್‌ಬರಿಯಲ್ಲಿ ಮನೆ ಮಾಡಿದ ದಂಪತಿಗಳು ಪಾರ್ವತೆವ್ವ, ವೀರಣ್ಣನವರು. ಒಬ್ಬನೇ ಮಗ ಮ್ಯಾಂಚೆಸ್ಟರ್‌ನಲ್ಲಿ. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ 'ಐ ಆ್ಯಮ್ ಫೈನ್, ಮಮ್' ಎನ್ನುವವ. ಹಾಗಾಗಿ ಅವರ ಕಾಳಜಿಯೆಲ್ಲ ಬಾಡಿಗೆದಾರನ ಮೇಲೆ ಕಟ್ಟೆಯೊಡೆದ ಕೆರೆಯಂತೆ ಹರಿಯುತ್ತಿತ್ತು.

ಹನ್ನೊಂದಕ್ಕೆ ಲಕ್ಷ್ಮೀಶ ಮ್ಯೂಸಿಯಮ್ಮಿನ ಮುಂಬಾಗಿಲ ಒಳಗಿನ ಕಲ್ಲು ಸಿಂಹದ ಪಕ್ಕ ನಿಂತಿದ್ದ. ವಂದನಾ ಸರಿಯಾಗಿ ಹನ್ನೊಂದಕ್ಕೇ ಬಂದಳು. ಬೂದುಬಣ್ಣದ ಕೋಟು, ಹೆಗಲಿಗೊಂದು ಚೀಲ. ನಗಬೇಕು ಎಂದು ನೆನಪಿಸಿಕೊಂಡು ನಕ್ಕಂಥ ನಗು.

"ತುಂಬಾ ಕಾಯಿಸಿದೆನಾ?"

"ಇಲ್ಲ, ಇಲ್ಲ. ನಾನೂ ಈಗ ತಾನೇ ಬಂದೆ," ಎಂದ, ಮುಕ್ಕಾಲು ಗಂಟೆಯಿಂದ ನಿಂತಿದ್ದ ಲಕ್ಷ್ಮೀಶ.

ಅವನು ಮೂರು ದಿನ ಲೈಬ್ರರಿಯ ಗೈಡ್ ಪುಸ್ತಕ ಓದಿ ತಯಾರಾಗಿದ್ದ. ಕೈ ಮುರಿದ ಗ್ರೀಕ್ ವಿಗ್ರಹಗಳ ಮುಂದೆ ನಿಂತು ಪರೀಕ್ಷೆಗೆ ಕೂತ ಹುಡುಗನ ಹಾಗೆ ಒಪ್ಪಿಸಿದ. "ಇವು ಸುಮಾರು ಎರಡು ಸಾವಿರದ ನಾನೂರು ವರ್ಷ ಹಳೇವು."

"ಹೌದಾ?" ಎಂದಳು ವಂದನಾ.

"ಅಮೃತಶಿಲೆ."

"ಹಾಂ. ಚೆನ್ನಾಗಿದೆ."

ಇಬ್ಬರೂ ಅಮೃತಶಿಲೆಗಿಂತ ಗಟ್ಟಿಯಾಗಿ ನಿಂತರು. ಪುಸ್ತಕದ ಮಾತು ಬಿಟ್ಟು ಸ್ವಂತದ್ದೇನಾದರೂ ಹೇಳೋಣ, ಆ ಒಂದು ಸಾಲು ನನಗೆ ಎಷ್ಟು ಹಿಡಿಸಿತು ಎಂದಾದರೂ ಹೇಳೋಣ ಎಂದು ಲಕ್ಷ್ಮೀಶ ಬಾಯಿ ತೆರೆದ. ಅಷ್ಟರಲ್ಲಿ ದೊಡ್ಡ ಕಂಬದ ಹಿಂದಿನಿಂದ ಕಂದು ಬಣ್ಣದ ಮಂಕಿ ಕ್ಯಾಪೊಂದು ಇಣುಕಿ ಒಳಗೆ ಹೋಯಿತು. ಇಡೀ ಲಂಡನ್ನಿನಲ್ಲಿ ಜೂನ್ ತಿಂಗಳಲ್ಲೂ ಮಂಕಿ ಕ್ಯಾಪ್ ಹಾಕುವವರು ಒಬ್ಬರೇ, ವೀರಣ್ಣನವರು.

"ಈ ಕಡೆ ಹೋಗೋಣ್ವಾ? ಈಜಿಪ್ಟ್ ತುಂಬಾ ಚೆನ್ನಾಗಿದೆಯಂತೆ," ಎಂದು ಲಕ್ಷ್ಮೀಶ ಹೆಚ್ಚುಕಡಿಮೆ ಓಡಿದ.

ಈಜಿಪ್ಟಿನಲ್ಲಿ, ಹೆಣದ ಪೆಟ್ಟಿಗೆಯೊಂದರ ಆಚೆಯಿಂದ ಅನಂತಮೂರ್ತಿಗಳ ಕಂಠ ಕೇಳಿಸಿತು. ಮೂವತ್ತು ವರ್ಷ ಪೋಸ್ಟಾಫೀಸಿನ ಕೌಂಟರಿನಲ್ಲಿ ಕೂತು ನಿವೃತ್ತರಾದ ಅವರು ಅಕ್ಷರ ಕಂಡಲ್ಲೆಲ್ಲ ಗಟ್ಟಿಯಾಗಿ ಓದುವವರು. "ಇವ್ನು ಪೂಜಾರಿಯಂತೆ ವೀರಣ್ಣೋರೇ! ನಲವತ್ತಕ್ಕೇ ಹೋಗ್ಬಿಟ್ನಂತೆ, ಪಾಪ!"

"ಮೆತ್ತಗ ಮಾತಾಡ್ರೀ, ಹುಡುಗ ಕೇಳಿಸ್ಕೊಂತಾನ," ಎಂದು ವೀರಣ್ಣನವರು ಅದಕ್ಕಿಂತ ಗಟ್ಟಿಯಾಗಿ ಹೇಳಿದರು.

ಲಕ್ಷ್ಮೀಶ ವಂದನಾಳನ್ನು ಗಡಿಯಾರಗಳ ಕೋಣೆಗೆ, ಅಲ್ಲಿಂದ ನಾಣ್ಯಗಳ ಕೋಣೆಗೆ, ಅಲ್ಲಿಂದ ಚೀನಾದ ಪಿಂಗಾಣಿಗೆ ಕರೆದೊಯ್ದ. ಇಪ್ಪತ್ತು ನಿಮಿಷದಲ್ಲಿ ನಾಲ್ಕು ನಾಗರಿಕತೆಗಳು ಮುಗಿದವು. ವಂದನಾಳಿಗೆ ಏದುಸಿರು.

"ನೀವು ಯಾವಾಗ್ಲೂ ಇಷ್ಟು ಬೇಗ ನೋಡ್ತೀರಾ?"

"ಇಲ್ಲ... ಕೊನೇಲಿ ಇಂಡಿಯಾ ಇದೆ. ಅಲ್ಲಿ ನಿಧಾನವಾಗಿ ನೋಡೋಣ."

ಇಂಡಿಯಾದ ಬಾಗಿಲಿಗೆ ಬಂದರೆ ಹೊಸ್ತಿಲಿನಲ್ಲಿ ಚಪ್ಪಲಿ, ಶೂಗಳ ರಾಶಿ. ಗುಡಿಯ ಮುಂದಿನ ಹಾಗೆ ಇಪ್ಪತ್ತು ಜೊತೆಯಾದರೂ ಇದ್ದವು. ಮೊದಲ ಜೊತೆ ಪಾರ್ವತೆವ್ವನ ಉಣ್ಣೆಯ ಬೂಟು. ಒಳಗೆ ದೇವರಿದ್ದಾನೆ ಎಂದು ಕಂಡಕೂಡಲೇ ಬಿಚ್ಚಿದ್ದರು. ಅದನ್ನು ನೋಡಿ ವೀರಣ್ಣ, ಅನಂತಮೂರ್ತಿಗಳು ಬಿಚ್ಚಿದ್ದರು. ಅವರನ್ನು ನೋಡಿ, ಇಲ್ಲಿಯ ನಿಯಮವೇ ಇದಿರಬೇಕೆಂದು ಒಂದು ಇಂಗ್ಲಿಷ್ ದಂಪತಿಗಳು, ಅವರನ್ನು ನೋಡಿ ಜಪಾನಿನ ಪ್ರವಾಸಿಗರ ಇಡೀ ತಂಡ. ಎಲ್ಲರೂ ಸಾಲಾಗಿ, ಭಯಭಕ್ತಿಯಿಂದ, ಬರಿಗಾಲಲ್ಲಿ ನಡೆಯುತ್ತಿದ್ದರು.

ವಂದನಾ ಒಂದು ಕ್ಷಣ ನಿಂತಳು. ಆಮೇಲೆ ಯೋಚಿಸದೆಯೇ ಶೂ ಕಳಚಿ ಬದಿಗಿಟ್ಟಳು. ಲಕ್ಷ್ಮೀಶನೂ ಕಳಚಬೇಕಾಯಿತು. ಬಲಗಾಲಿನ ಕಾಲುಚೀಲದಿಂದ ಹೆಬ್ಬೆರಳು ಆಮೆಯ ತಲೆಯ ಹಾಗೆ ಹೊರಬಂದು ಎಲ್ಲವನ್ನೂ ನೋಡತೊಡಗಿತು.

ಕೋಣೆಯ ನಡುವೆ, ಮೊಣಕಾಲೆತ್ತರದ ಪೀಠದ ಮೇಲೆ ಕರಿಕಲ್ಲಿನ ಬಸವಣ್ಣ. ಕಾಲು ಮಡಚಿ, ಕತ್ತಿನ ಗಂಟೆಸರದ ಒಂದೊಂದು ಗಂಟೆಯೂ ಕಾಣುವ ಹಾಗೆ ಕೂತಿದ್ದ. ಎದುರಿಗೆ ಪಾರ್ವತೆವ್ವ ಕಣ್ಣು ತುಂಬಿಕೊಂಡು ನಿಂತಿದ್ದರು. ಅವಿತುಕೊಳ್ಳಬೇಕಿತ್ತು ಎಂಬುದೇ ಅವರಿಗೆ ಮರೆತುಹೋಗಿತ್ತು.

"ನೋಡಪಾ ಲಕ್ಷ್ಮೀಶಾ! ಈ ಥಂಡಿ ಊರಾಗ ಬರಿಮೈಲೇ ಕುಂದ್ರಿಸ್ಯಾರ ನನ್ನ ತಂದೀನ್ನ!"

"ಆಂಟಿ, ನೀವು ಇಲ್ಲಿ..."

"ನಾವು ಹಿಂಗ ಹಾದು ಹೊಂಟಿದ್ವಿ," ಎಂದರು ವೀರಣ್ಣನವರು. ಕಿಂಗ್ಸ್‌ಬರಿಯಿಂದ ಅಲ್ಲಿಗೆ ಟ್ಯೂಬಿನಲ್ಲಿ ಮುಕ್ಕಾಲು ಗಂಟೆ.

ಆ ಹೊತ್ತಿಗೆ ಪಾರ್ವತೆವ್ವ ತಮ್ಮ ಹೆಗಲ ಮೇಲಿನ ಶಾಲು ತೆಗೆದು ಬಸವಣ್ಣನ ಬೆನ್ನಿಗೆ ಹೊದಿಸಿ, ಎರಡೂ ಬದಿಗೆ ಸರಿಮಾಡಿ, ನೊಣ ಓಡಿಸುವಷ್ಟು ಮೆಲ್ಲಗೆ ತಟ್ಟಿದರು. ಎಲ್ಲಿಂದಲೋ ಗಂಟೆ ಬಡಿಯಿತು. ಪೂಜೆಯ ಗಂಟೆಯೆಂದುಕೊಂಡು ಜಪಾನಿನವರು ಕೈಮುಗಿದರು. ಅಲಾರಂ ಎಂದು ತಿಳಿದದ್ದು, ಆರಡಿ ಎತ್ತರದ ಕಾವಲುಗಾರ ಓಡಿಬಂದಾಗ.

ಅವನು ಶಾಲು ನೋಡಿದ, ಕಾಲುಗಳನ್ನು ನೋಡಿದ, ಮತ್ತೆ ಶಾಲು ನೋಡಿದ. "ಈ ಗುಂಪಿನ ಮುಖಂಡರು ಯಾರು?" ಎಂದು ಬಹಳ ಸೌಜನ್ಯದಿಂದ ಇಂಗ್ಲಿಷಿನಲ್ಲಿ ಕೇಳಿದ.

ವೀರಣ್ಣನವರ ಬೆರಳು, ಅನಂತಮೂರ್ತಿಗಳ ಬೆರಳು, ಯಾಕೆಂದು ಗೊತ್ತಿಲ್ಲದೆ ಇಬ್ಬರು ಜಪಾನಿನವರ ಬೆರಳೂ ಲಕ್ಷ್ಮೀಶನತ್ತ ತಿರುಗಿದವು.

"ಓದಿದ ಹುಡುಗ. ಎಲ್ಲಾ ಬಗೀಹರಿಸ್ತಾನ. ನೀ ಹೋಗ್ಬಾ ತಮ್ಮಾ," ಎಂದು ವೀರಣ್ಣನವರು ಬೆನ್ನು ತಟ್ಟಿ ಕಳಿಸಿದರು.

ಲಕ್ಷ್ಮೀಶ ತಿರುಗಿ ನೋಡಿದ. ವಂದನಾ ಬಸವಣ್ಣನನ್ನೇ ನೋಡುತ್ತಿದ್ದಳು.

ಆಫೀಸಿನಲ್ಲಿ ವಯಸ್ಸಾದ ಮೇಲ್ವಿಚಾರಕಿ ಅವನಿಗೆ ಚಹಾ ಕೊಟ್ಟು, ಒಂದು ಉದ್ದನೆಯ ಫಾರಂ ಕೊಟ್ಟಳು. ಶಾಲು ಹೊದಿಸಿದ ಉದ್ದೇಶ? 'ಚಳಿ' ಎಂದು ಬರೆದ. ಯಾರ ಚಳಿ? 'ವಿಗ್ರಹದ್ದು.' ಆ ಮಹಿಳೆಯೊಂದಿಗೆ ನಿಮ್ಮ ಸಂಬಂಧ? ಬಹಳ ಹೊತ್ತು ಯೋಚಿಸಿ 'ಬಾಡಿಗೆದಾರ' ಎಂದು ಬರೆದ. ಕಲ್ಲು ಪರೀಕ್ಷಿಸುವವರು ಬಂದು, ಏನೂ ಆಗಿಲ್ಲ ಎಂದು ಹೇಳುವವರೆಗೆ ಒಂದು ಗಂಟೆ ಹಿಡಿಯಿತು. ಅವನು ವಂದನಾಳೊಡನೆ ಕಳೆಯಬೇಕೆಂದುಕೊಂಡಿದ್ದ ಆ ಒಂದು ಗಂಟೆಯೇ ಅದು. ಮೇಲ್ವಿಚಾರಕಿ ಶಾಲು ಮಡಚಿ ಕೊಡುತ್ತಾ, "ನಿಮ್ಮ ಆಂಟಿ ತುಂಬಾ ಒಳ್ಳೆಯವರು" ಎಂದಳು.

ಇಂಡಿಯಾದ ಬಾಗಿಲಲ್ಲಿ ಉಳಿದದ್ದು ಅವನ ಶೂ ಒಂದೇ ಜೊತೆ. ಯಾರೋ ಇಬ್ಬರು ಅದರ ಫೋಟೋ ತೆಗೆಯುತ್ತಾ, ವಿವರಣೆಯ ಚೀಟಿ ಎಲ್ಲಿದೆಯೆಂದು ಹುಡುಕುತ್ತಿದ್ದರು. ಕ್ಷಮೆ ಕೇಳಿ, ಪ್ರದರ್ಶನದ ವಸ್ತುವನ್ನು ಹಾಕಿಕೊಂಡು ಅವನು ಹೊರಗೆ ಓಡಿದ.

ಹೊರಗಿನ ಮೆಟ್ಟಿಲ ಮೇಲೆ ಎಲ್ಲರೂ ಸಾಲಾಗಿ ಕೂತಿದ್ದರು. ಪಾರ್ವತೆವ್ವನ ತೊಡೆಯ ಮೇಲೆ ಸ್ಟೀಲಿನ ಡಬ್ಬಿ. ಪಕ್ಕದಲ್ಲಿ ವಂದನಾ, ಕೋಟಿನ ತೋಳು ಮೇಲಕ್ಕೆ ಮಡಚಿ ಅಂಗೈ ಮೇಲೆ ರೊಟ್ಟಿ ಇಟ್ಟುಕೊಂಡು, ಬಾಯಿ ತುಂಬಿಕೊಂಡು ಮಾತಾಡುತ್ತಿದ್ದಳು.

"ಇನ್ನೊಂದ್ ಚೂರು ಎಣ್ಣಿಗಾಯಿ ಹಾಕ್ರಿ ದೊಡ್ಡವ್ವಾ. ನಮ್ಮವ್ವನೂ ಹಿಂಗ ಮಾಡ್ತಿದ್ದಳು, ಗುರೆಳ್ಳು ಪುಡಿ ಒಂಚೂರು ಹೆಚ್ಚಿಗಿ ಹಾಕಿ."

"ಉಣ್ಣ ಯವ್ವಾ, ಉಣ್ಣ. ಏನ್ ಕಡ್ಡಿ ಆಗೀದಿ! ಚಟ್ನಿ ಕಲಸ್ಕೋ."

"ಕಡ್ಡಿ ಅಲ್ರೀ, ಅಲ್ಲೊಳಗ ಪೆಟ್ಟಿಗ್ಯಾಗ ಪೂಜಾರಿ ಮಲಗಿದ್ದನಲ್ಲಾ, ಅವ್ನಷ್ಟರ ಗಟ್ಟಿ ಅದೇನಿ!"

ಪಾರ್ವತೆವ್ವ ಹಣೆ ಬಡಿದುಕೊಂಡು ನಕ್ಕರು. ವಂದನಾ ಕತ್ತು ಹಿಂದೆ ಹಾಕಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನೀರು ನಗೆ ನಿಂತ ಮೇಲೂ ಸ್ವಲ್ಪ ಹೊತ್ತು ನಿಲ್ಲಲಿಲ್ಲ. ಪಾರ್ವತೆವ್ವ ಏನೂ ಕೇಳದೆ ಸೆರಗಿನಿಂದ ಒರೆಸಿ, ಇನ್ನೊಂದು ರೊಟ್ಟಿ ಹಾಕಿದರು. ಇಷ್ಟು ಮಾತಾಡುವ ಈ ಹುಡುಗಿ ಬೆಳಿಗ್ಗೆಯಿಂದ ಎಲ್ಲಿದ್ದಳು ಎಂದು ಲಕ್ಷ್ಮೀಶ ನೋಡುತ್ತಾ ನಿಂತ. ಅವನಿಗೆ ಸಿಕ್ಕದ್ದು ಕೊನೆಯ ಅರ್ಧ ರೊಟ್ಟಿ ಮತ್ತು ಅನಂತಮೂರ್ತಿಗಳ ಪಕ್ಕದ ಜಾಗ.

"ಹುಡುಗಿ ಬಂಗಾರ ಕಣ್ರೀ," ಎಂದು ಅವರು ಪಿಸುಗುಟ್ಟಿದರು, ರಸ್ತೆಯಾಚೆಗೂ ಕೇಳುವ ಹಾಗೆ. "ನಮ್ಮಿಂದ ಎಲ್ಲಾ ಸುಸೂತ್ರ ಆಯ್ತು ನೋಡಿ."

ಬೀಳ್ಕೊಡುವಾಗ ವಂದನಾ ಪಾರ್ವತೆವ್ವನ ಕಾಲು ಮುಟ್ಟಿ ನಮಸ್ಕರಿಸಿದಳು, ಮನೆಯ ಫೋನ್ ನಂಬರು ಬರೆದುಕೊಂಡಳು. ಲಕ್ಷ್ಮೀಶನಿಗೆ, "ಅಲ್ಲಿ ನಿಮಗೆ ತೊಂದರೆ ಆಗ್ಲಿಲ್ಲ ತಾನೇ?" ಎಂದು ಕೇಳಿದಳು. ಮರಳುವ ಟ್ಯೂಬಿನಲ್ಲಿ ಅವನು ಆ ಪ್ರಶ್ನೆಯನ್ನು ಸ್ಟೇಷನ್ನಿಗೊಮ್ಮೆ ನೆನೆಸಿಕೊಂಡ. ಕಾಳಜಿ ಇಲ್ಲದಿದ್ದರೆ ಯಾರು ಹಾಗೆ ಕೇಳುತ್ತಾರೆ?

ಸಂಜೆ ಆರಕ್ಕೆ ಫೋನ್ ಬಂತು. "ಹುಡುಗಿದು!" ಎಂದು ವೀರಣ್ಣನವರು ಕೂಗಿದ್ದಕ್ಕೆ, ಪಕ್ಕದ ಮನೆಯ ಹಿತ್ತಿಲಲ್ಲಿ ಹುಲ್ಲು ಕತ್ತರಿಸುವ ಸದ್ದು ನಿಂತಿತು. ಪಾರ್ವತೆವ್ವ ಫೋನನ್ನು ಅಡುಗೆಮನೆಗೆ ಒಯ್ದು ಬಾಗಿಲು ಹಾಕಿಕೊಂಡರು. ಇಪ್ಪತ್ತು ನಿಮಿಷ. ಹೊರಗೆ ಬಂದಾಗ ಅವರ ಕಣ್ಣು ಒದ್ದೆ, ಮುಖ ಮಾತ್ರ ದೀಪ ಹಚ್ಚಿದ ಹಾಗಿತ್ತು. "ನಿನ್ನ ಕೂಡನೂ ಮಾತಾಡಬೇಕಂತ," ಎಂದು ಅವನ ಕೈಗೆ ಕೊಟ್ಟು, ಅಪರೂಪಕ್ಕೆ ತಾವಾಗಿಯೇ ದೂರ ಹೋದರು.

ಲಕ್ಷ್ಮೀಶ ಮೆಟ್ಟಿಲ ಮೇಲೆ ಕೂತ.

"ಲಕ್ಷ್ಮೀಶ ಅವ್ರ, ಕೆಲಸದಾಗ ಇದ್ರೇನ್ರಿ?" ವಂದನಾ ಈಗ ಅವನೊಂದಿಗೂ ಧಾರವಾಡದ ಕನ್ನಡದಲ್ಲೇ ಮಾತಾಡುತ್ತಿದ್ದಳು. "ಒಂದೆರಡು ಕೇಳೂದಿತ್ತು. ನಿಮ್ಮ ಖೋಲಿ ಹೆಂಗದರಿ? ಬಿಸಲು ಬರ್ತದೇನ್ರಿ?"

ಎಷ್ಟು ತಿಳಿವಳಿಕೆಯ ಹುಡುಗಿ, ಮುಂದಿನದನ್ನೆಲ್ಲ ಈಗಲೇ ಯೋಚಿಸುತ್ತಿದ್ದಾಳೆ ಎಂದುಕೊಂಡ ಲಕ್ಷ್ಮೀಶ ತನ್ನ ಕೋಣೆಯ ಬಗ್ಗೆ ಹೇಳತೊಡಗಿದ. ಬೆಳಿಗ್ಗೆ ಏಳಕ್ಕೆ ಬಿಸಿಲು ಮಂಚದ ಕಾಲಬದಿಗೆ ಬರುತ್ತದೆ. ಹೀಟರಿನ ತಿರುಪನ್ನು ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ತಿರುಗಿಸಬೇಕು. ಹಿಂದಿನ ಸೇಬಿನ ಮರದಲ್ಲಿ ಒಂದು ಹಕ್ಕಿಯಿದೆ. ಅದು ಹಾಡುವುದು ಯಾವುದಕ್ಕೋ ದೂರು ಕೊಟ್ಟ ಹಾಗೆ. ಆಫೀಸಿನಿಂದ ತಡವಾಗಿ ಬಂದರೂ ಆಂಟಿ ತಟ್ಟೆ ಮುಚ್ಚಿಟ್ಟಿರುತ್ತಾರೆ. ಬೇಜಾರಾದ ದಿನ ಬಾಗಿಲು ಹಾಕಿಕೊಂಡರೆ ತಟ್ಟುವುದಿಲ್ಲ, ಚಹಾ ಹೊರಗಿಟ್ಟು ಹೋಗುತ್ತಾರೆ. ಗೈಡ್ ಪುಸ್ತಕದ ಒಂದು ಸಾಲೂ ಇಲ್ಲದೆ ಅವನು ಹದಿನೈದು ನಿಮಿಷ ಮಾತಾಡಿದ. ಅಷ್ಟು ಚೆನ್ನಾಗಿ ಅವನು ಯಾವ ಹುಡುಗಿಯ ಹತ್ತಿರವೂ ಮಾತಾಡಿರಲಿಲ್ಲ.

"ಮೂರು ವರ್ಷ ಆತ್ರಿ," ಎಂದಳು ವಂದನಾ ಮೆಲ್ಲಗೆ, "ಉಂಡ್ಯೇನು ಅಂತ ನನ್ನ ಯಾರೂ ಕೇಳಿಲ್ಲ. ಲಗ್ನದ ವಿಚಾರ ನನಗಿನ್ನೂ ಆಗೂದಿಲ್ಲರಿ, ಸಿಟ್ಟಾಗಬ್ಯಾಡ್ರಿ. ಆದ್ರ ದೊಡ್ಡವ್ವ ಬಂದಬಿಡು ಅಂದ್ರು. ಬಾಡಿಗಿಗೆ ಕೊಡೂದು ಅದೊಂದ ಖೋಲಿ ಅಂತ. ಲಗ್ನ ಆಗದ ಹುಡುಗ, ಹುಡುಗಿ ಒಂದ ಮನ್ಯಾಗ ಇದ್ರ ಮಂದಿ ಬಾಯಿ ಸುಮ್ಮನಿರೂದಿಲ್ಲ ಅಂತನೂ ಅಂದ್ರು. ಪಕ್ಕದ ಕ್ವೀನ್ಸ್‌ಬರಿಯೊಳಗ ಅನಂತಮೂರ್ತಿಯವ್ರ ಗುರುತಿನವ್ರ ಮನಿ ಅದ ಅಂತಲ್ಲರಿ, ನಿಮಗ?"

ಲಕ್ಷ್ಮೀಶ ತಲೆಯೆತ್ತಿದ. ಹಜಾರದ ತುದಿಯಲ್ಲಿ ಪಾರ್ವತೆವ್ವ, ವೀರಣ್ಣ, ಹಿಂಬಾಗಿಲಿಂದ ಯಾವಾಗಲೋ ಒಳಗೆ ಬಂದಿದ್ದ ಅನಂತಮೂರ್ತಿಗಳು, ಮೂವರೂ ಅವನನ್ನೇ ಬಹಳ ಪ್ರೀತಿಯಿಂದ ನೋಡುತ್ತಿದ್ದರು.

"ಹೂಂ, ಇದೆಯಂತೆ," ಎಂದ. "ಕಿಟಕಿ ಒಂದು ಪೂರ್ತಿ ಮುಚ್ಚಲ್ಲ ವಂದನಾ ಅವ್ರೇ. ಪೇಪರ್ ಮಡಚಿ ಸಿಗಿಸ್ಬೇಕು. ಅದನ್ನ ಹೇಳೋದು ಮರೆತಿದ್ದೆ."

"ಭಾಳ ಉಪಕಾರ ಆತ್ರಿ," ಎಂದಳು ವಂದನಾ. "ಹಂಗಾದ್ರ, ನೀವು ಯಾವಾಗ ಖಾಲಿ ಮಾಡ್ತೀರಿ?"