ಜಾರುದೋಣಿಯ ಕಂಬದ ಮೇಲಿರುವ ಕ್ಯಾಮೆರಾ ಮಹಾಶಯರಿಗೆ

ಮಾನ್ಯರೇ,

ಮೋಜಿನ ಪಾರ್ಕಿನೊಳಗೆ, ನೀರಿನ ಜಾರುದೋಣಿ ಮೇಲಿಂದ ಧುಮುಕುವ ಜಾಗಕ್ಕೆ ಸರಿಯಾಗಿ ಎದುರಿಗೆ, ಹಸಿರು ಬಣ್ಣದ ಕಬ್ಬಿಣದ ಕಂಬದ ತುದಿಯಲ್ಲಿ, ತಗಡಿನ ಟೋಪಿ ಹಾಕಿಕೊಂಡು, ಬಂದ ದೋಣಿಗೊಂದರಂತೆ ಫೋಟೋ ಹೊಡೆದು ಎಸೆಯುತ್ತ ಕೂತಿರುವ ತಮಗೆ, ಕೆಳಗೆ ನಿಂತು ತಲೆಯೆತ್ತಿ ನೋಡಿ ಕತ್ತು ಉಳುಕಿಸಿಕೊಂಡವನೊಬ್ಬ ಅದೇ ಕತ್ತನ್ನು ಆದಷ್ಟು ಬಾಗಿಸಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ಕ್ಷೇಮವಲ್ಲದೆ ಇನ್ನೇನು, ಚಿಂತೆ ಮಾಡಲು ನಾವಿದ್ದೇವಲ್ಲ.

ನಾನು ಬೀಗ ರಿಪೇರಿ ಮಾಡುವವನು. ಓದಿದ್ದು ಏಳನೇ ಕ್ಲಾಸಿನ ಅರ್ಧ, ಮರುವರ್ಷ ಮತ್ತೆ ಅದೇ ಅರ್ಧ. ಎರಡನ್ನೂ ಕೂಡಿಸಿದರೆ ಒಂದು ಪೂರ್ತಿ ಕ್ಲಾಸು ಆಗುತ್ತದೆಂದು ನನ್ನ ವಾದ, ಶಾಲೆಯವರು ಒಪ್ಪಲಿಲ್ಲ. ಆದ್ದರಿಂದ ಒತ್ತಕ್ಷರ ತಪ್ಪಿದ್ದಲ್ಲಿ ಹೊಟ್ಟೆಗೆ ಹಾಕಿಕೊಳ್ಳಿ. ಊರವರ ಬೀಗಗಳಿಗೆಲ್ಲ ಧೈರ್ಯ ಹೇಳಿ ಕಳಿಸುವ ನಾನು, ನನ್ನ ಮನೆಯ ಬೀಗವನ್ನು ಮಾತ್ರ ಎಳೆದು ನೋಡಿ, ಬೀದಿಯ ತುದಿಯವರೆಗೆ ಹೋಗಿ, ವಾಪಸು ಬಂದು ಮತ್ತೆ ಎಳೆದು ನೋಡುವವನು. ಈ ಗುಣ ತಮ್ಮ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ವಿಷಯ ನನ್ನ ಅಕ್ಕನದು. ಅಕ್ಕನ ಮೇಲಿನ ಎರಡು ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿವೆ, ಬಸ್ಸಿನ ಒಂದೇ ಸೀಟಿಗೆ ಇಬ್ಬರು ನುಗ್ಗಿದ ಹಾಗೆ. ಅವಳ ಮದುವೆಯ ದಿನ ಸ್ಟುಡಿಯೋದವನು, ಅಂದರೆ ತಮ್ಮ ಕುಲಬಾಂಧವರನ್ನು ಕುತ್ತಿಗೆಗೆ ನೇತುಹಾಕಿಕೊಂಡು ತಿರುಗುವ ಒಬ್ಬ ಮಹಾನುಭಾವ, ನೆಂಟರೆಲ್ಲರ ಎದುರಿಗೆ "ಬಾಯಿ ಮುಚ್ಕೊಳ್ಳಮ್ಮ, ಹಲ್ಲು ಕಾಣ್ತಿದೆ" ಅಂದ. ಅಂದು ಮುಚ್ಚಿದ್ದು ಮುಚ್ಚಿದ್ದೇ. ನಗು ಬಂದ ಕೂಡಲೇ ಅಕ್ಕನ ಕೈ ಬಾಯಿಗೆ ಅಡ್ಡ ಬರುತ್ತದೆ. ನಮ್ಮ ಆಲ್ಬಮ್ಮಿನಲ್ಲಿ ಮನೆಮಂದಿಯ ನಗುವೆಲ್ಲ ಇದೆ, ಅಕ್ಕನದು ಮಾತ್ರ ಕೈ ಇದೆ. ಬೆರಳು, ಉಂಗುರ, ಒಂದರಲ್ಲಿ ಸೌಟು. ಈಗ ಮುಂದಿನ ತಿಂಗಳು ಆ ಎರಡನ್ನೂ ಕಿತ್ತು, ಸಾಲಾಗಿ ಬೇರೆ ಹಲ್ಲು ಕಟ್ಟಿಸುವುದೆಂದು ಡಾಕ್ಟರ ಹತ್ತಿರ ಮಾತಾಗಿಬಿಟ್ಟಿತ್ತು. ನನ್ನನ್ನು ಸೊಂಟದ ಮೇಲೆ ಹೊತ್ತು ಆಡಿಸಿದ ನಗು ಅದು, ಕಿತ್ತ ಮೇಲೆ ಎಲ್ಲಿಂದ ತರುವುದು? ಅದರದೊಂದು ಫೋಟೋ ನನ್ನ ಕೈಯಾರೆ ತೆಗೆದಿಡಬೇಕೆಂದು ಹಟ ಹತ್ತಿತು. ಕೇಳಿದರೆ ಕೊಡುವವಳಲ್ಲ. ಜಾರುದೋಣಿಯಲ್ಲಾದರೆ ಎರಡೂ ಕೈಯಲ್ಲಿ ಕಂಬಿ ಹಿಡಿಯಲೇಬೇಕು, ಬಾಯಿ ಮುಚ್ಚಲು ಮೂರನೆಯ ಕೈ ಇರುವುದಿಲ್ಲ. ಮಗಳಿಗೆ ಮೋಜು, ಎಲ್ಲರಿಗೂ ರಜೆ ಎಂದು ನಾನು ಊದಿದ ತುತ್ತೂರಿಯ ಹಿಂದಿನ ಗುಟ್ಟು ಇಷ್ಟೇ.

ತಮ್ಮ ಹೊಟ್ಟೆಯಲ್ಲಿ ರೋಲೇ ಇಲ್ಲವಂತೆ, ಹಾಗಾಗಿ ರೋಲು ಹಾಕುವ ಹಳೇ ಕ್ಯಾಮೆರಾ ಇಟ್ಟುಕೊಂಡ ನನ್ನಂಥವನು ಫಿಲ್ಮಿನ ವೇಗ, ಅಂದರೆ ಬೆಳಕು ಹಿಡಿಯುವ ಚುರುಕು, ಆರಿಸುವ ಸಂಕಟ ತಮಗೆ ತಿಳಿಯದು. ನೂರರ ರೋಲು ಬಿಸಿಲಿಗೆ, ಚಿತ್ರ ನುಣ್ಣಗೆ ಬರುತ್ತದೆ, ಆದರೆ ಓಡುವ ದೋಣಿ ಕಲಸಿಹೋಗಬಹುದು; ನಾನೂರರದು ಮೋಡಕ್ಕೂ ಓಟಕ್ಕೂ ಆಗುತ್ತದೆ, ಆದರೆ ಚಿತ್ರದ ಮೇಲೆ ಮರಳು ಉದುರಿದ ಹಾಗೆ ಸಣ್ಣ ಕಾಳು ಕಾಣುತ್ತದೆ; ಎಂಟುನೂರರದು ಕೋಣೆಯೊಳಗಿನ ಮಬ್ಬಿನಲ್ಲೂ ಹಿಡಿಯುತ್ತದೆ, ಕಾಳು ಇನ್ನೂ ದಪ್ಪ. ಫಿಲ್ಮಿನ ಅಂಗಡಿಯವರು ಮೊದಲ ದಿನವೇ ನಾನೂರರದು ಹಾಕಿಕೊಂಡು ಹೋಗಿ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ ಎಂದಿದ್ದರು. ಕೆಡಿಸಿಕೊಳ್ಳದೆ ಇರುವುದು ಹೇಗೆಂದು ಮಾತ್ರ ಹೇಳಲಿಲ್ಲ. ಕಾಳು ಹೋಗಿ ಹೋಗಿ ಅಕ್ಕನ ಹಲ್ಲಿನ ಮೇಲೆಯೇ ಕೂತರೆ ಏನು ಗತಿ ಎಂದು ಮತ್ತೆ ಮತ್ತೆ ಹೋಗಿ ಕೇಳಿದೆ. ಕಡೆಕಡೆಗೆ ನನ್ನನ್ನು ಕಂಡರೆ ಅವರು ಒಳಗಿನ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೂರೂ ಬಗೆ ತಂದೆ. ಜೊತೆಗೆ ದೂರದ ಲೆನ್ಸು, ಹತ್ತಿರದ ಲೆನ್ಸು, ಫ್ಲಾಶು, ಅದಕ್ಕೆ ಬ್ಯಾಟರಿ, ಆ ಬ್ಯಾಟರಿ ಕೈಕೊಟ್ಟರೆ ಎಂದು ಇನ್ನೊಂದು ಜೊತೆ ಬ್ಯಾಟರಿ, ಮೂರು ಕಾಲಿನ ಸ್ಟ್ಯಾಂಡು. ಮನೆಯವಳು ಬ್ಯಾಗು ಎತ್ತಲು ನೋಡಿ, ಊಟದ ಡಬ್ಬಿ ಎಲ್ಲಿಡಲಿ ಎಂದು ಕೇಳಿದಳು. ತೊಡೆಯ ಮೇಲೆ ಎಂದೆ. ದಾರಿಯುದ್ದಕ್ಕೂ ಹಾಗೇ ಬಂದಳು.

ಪಾರ್ಕಿಗೆ ಕಾಲಿಟ್ಟಾಗ ಬಿಸಿಲು, ನೂರರದು ಹಾಕಿದೆ. ಮಗಳು ಮರದ ಕುದುರೆ ಏರುವಷ್ಟರಲ್ಲಿ ಮೋಡ. ಮೋಡ ಸರಿಯಲಿ ಎಂದು ನಾನು ಕಾದೆ, ಕುದುರೆ ಕಾಯಲಿಲ್ಲ. ಬುದ್ಧಿ ಬಂದು ಜಾರುದೋಣಿಯ ಹೊತ್ತಿಗೆ ನಾನೂರರದು ಏರಿಸಿ, ತಮ್ಮ ಕಂಬದಿಂದ ನಾಲ್ಕು ಹೆಜ್ಜೆ ಮುಂದೆ ಜಾಗ ಹಿಡಿದೆ. ಅಕ್ಕ, ಮನೆಯವಳು, ಮಗಳು ದೋಣಿ ಹತ್ತಿ ಕೂತರು. ಆಗ ಶುರುವಾಯಿತು ನನ್ನ ಗುಣ. ರೋಲಿನ ನಾಲಿಗೆ ಒಳಗಿನ ಗಾಲಿಗೆ ಕಚ್ಚಿದೆಯೇ ಇಲ್ಲವೇ? ಕಚ್ಚಿದ್ದರೆ, ಸುತ್ತುವಾಗ ಎಡಗಡೆಯ ಗುಂಡಿಯೂ ತಿರುಗುತ್ತದೆಂದು ಅಂಗಡಿಯವರು ಕಲಿಸಿದ್ದರು. ತಿರುಗಿದ್ದನ್ನು ನೋಡಿದ ನೆನಪಿದೆ, ಆದರೆ ಆ ನೆನಪು ಇವತ್ತಿನದೋ ನಿನ್ನೆ ಮನೆಯಲ್ಲಿ ನೋಡಿದ್ದೋ? ಬೆಳಕು ತಾಗದಂತೆ ಒಳಗೆ ಕೈಯಾಡಿಸಬೇಕಾಗಿ ಬಂದರೆ, ದಪ್ಪ ಸ್ವೆಟರಿನೊಳಗೆ ಕ್ಯಾಮೆರಾ ಇಟ್ಟು, ತೋಳುಗಳಿಂದ ಕೈ ತೂರಿಸಿ, ಹಿಂಬದಿಯ ಮುಚ್ಚಳ ತೆರೆದು ಬೆರಳಿನಲ್ಲೇ ಮುಟ್ಟಿ ನೋಡಿ ಎಂದೂ ಅವರು ಹೇಳಿದ್ದರು. ಅದಕ್ಕೆಂದೇ ಬ್ಯಾಗಿನಲ್ಲಿ ತುರುಕಿ ತಂದಿದ್ದ ಸ್ವೆಟರು ತೆಗೆದು ಕೈ ತೂರಿಸಿದೆ. ಆದರೆ ಮಾನ್ಯರೇ, ಕಣ್ಣಿಂದ ನೋಡದ ಕೆಲಸವನ್ನು ನಾನು ಯಾವತ್ತೂ ನಂಬಿದವನಲ್ಲ. ತಲೆಯನ್ನೂ ತೂರಿಸಿದೆ. ಕತ್ತಲೆಯಲ್ಲಿ ಏನೂ ಕಾಣಲಿಲ್ಲವಾಗಿ, ಸ್ವಲ್ಪ ಬೆಳಕು ಬರಲಿ ಎಂದು ಕೊರಳ ಹತ್ತಿರ ಎತ್ತಿ ಹಿಡಿದೆ.

ದೋಣಿ ಧುಮುಕಿದ್ದು ಆಗಲೇ. ನೀರು ಸಿಡಿದ ಸದ್ದು, ಮಗಳ ಕಿರುಚು, ಅದೆಲ್ಲದರ ಮೇಲೆ ಒಂದು ನಗು. ಬೆರಳ ಸಂದಿಯಲ್ಲಿ ಸೋಸಿ ಬಂದದ್ದಲ್ಲ, ಬಾಯಿ ತುಂಬ, ಹಲ್ಲು ತುಂಬ, ನಾನು ಚಿಕ್ಕವನಿದ್ದಾಗ ಕೇಳಿದ್ದು. ಸ್ವೆಟರಿನಿಂದ ತಲೆ ಬಿಡಿಸಿಕೊಳ್ಳುವಷ್ಟರಲ್ಲಿ ದೋಣಿ ತಿರುವು ದಾಟಿತ್ತು. ರೋಲು ಅಚ್ಚುಕಟ್ಟಾಗಿ ಕಚ್ಚಿಕೊಂಡಿತ್ತು, ಕೆಟ್ಟದ್ದು ನಾನು ತೋರಿಸಿದ ಬೆಳಕಿಗೆ.

ಹೊರಬರುವ ದಾರಿಯ ಕೋಣೆಯಲ್ಲಿ, ತಾವು ತೆಗೆದದ್ದನ್ನು ಪರದೆಗಳ ಮೇಲೆ ಸಾಲಾಗಿ ಬಿಟ್ಟಿದ್ದರು. ಅದರಲ್ಲಿ ಅಕ್ಕ. ಎರಡೂ ಕೈ ಕಂಬಿಯ ಮೇಲೆ, ಎರಡೂ ಹಲ್ಲು ಅದೇ ಒಂದು ಸೀಟಿನಲ್ಲಿ. ಅಭ್ಯಾಸಬಲದಿಂದ ಅಕ್ಕ ಬಾಯಿಗೆ ಕೈ ಎತ್ತಿದಳು, ಆಮೇಲೆ ಅದೇ ಕೈ ಇಳಿಸಿ ಪರದೆಯ ಮೂಲೆಗೆ ಬೆರಳಿಟ್ಟು ಅಂದಳು: "ನೋಡೋ, ಈ ತಲೆ ಇಲ್ಲದವನನ್ನ ಕಂಡೇ ನಾನು ನಕ್ಕಿದ್ದು. ಯಾರ ಮನೆಯವನೋ ಪಾಪ."

ಸ್ವೆಟರು ನನ್ನದು, ಕಾಲ ಬಳಿ ಇದ್ದ ಬ್ಯಾಗೂ ನನ್ನದು. ಗುರುತು ಹತ್ತಿದ ಕೂಡಲೇ ಅಕ್ಕ ಅಲ್ಲೇ, ನನ್ನ ಮುಂದೆಯೇ, ಬೆರಳು ಪರದೆಯ ಮೇಲಿಟ್ಟುಕೊಂಡೇ ಎರಡನೆಯ ಸಲ ನಕ್ಕಳು. ನಾನೇನು ಮಾಡಿದೆ ಎಂದು ತಾವು ಕೇಳಬಹುದು. ಕೋಣೆಯೊಳಗೆ ಮಬ್ಬು ಬೆಳಕು, ಇದಕ್ಕೆ ಎಂಟುನೂರರದೇ ಬೇಕೆಂದು ಬ್ಯಾಗಿಗೆ ಬಗ್ಗಿದೆ. ಎದ್ದಾಗ ನಗು ಮುಗಿದಿತ್ತು.

ಆದ್ದರಿಂದ ತಮ್ಮ ಮೇಲೆ ನನ್ನ ದೂರು ಇದು. ತಾವು ಯಾವ ಅಂಗಡಿಗೂ ಹೋಗಲಿಲ್ಲ, ಮೋಡ ನೋಡಲಿಲ್ಲ, ಅಕ್ಕ ಯಾರೆಂದು ತಮಗೆ ಗೊತ್ತಿಲ್ಲ, ಬಾಯಿ ಮುಚ್ಚು ಎಂದು ಯಾರಿಗೂ ಹೇಳಲಿಲ್ಲ. ಸ್ಟುಡಿಯೋದವನಿಂದ ನನ್ನವರೆಗೆ ಬಾಯಿ ಮತ್ತು ತಲೆ ಇರುವ ಎಲ್ಲರೂ ಸೇರಿ ಕೆಡಿಸಿದ್ದನ್ನು, ಎರಡೂ ಇಲ್ಲದ ತಾವು ಕೆಲಸದ ನಡುವೆ ಹಾಗೇ ಸರಿಮಾಡಿಬಿಟ್ಟಿರಿ. ಇಂಥ ಪ್ರಾವೀಣ್ಯ ಸಂಸಾರವಂದಿಗರಿಗೆ ಮಾಡುವ ಅವಮಾನವಲ್ಲದೆ ಇನ್ನೇನು? ದಯಮಾಡಿ ದಿನಕ್ಕೊಮ್ಮೆಯಾದರೂ ಮುಚ್ಚಳ ತೆಗೆಯುವುದನ್ನು ಮರೆಯಿರಿ. ಮೋಡ ಬಂದಾಗ ಒಂದಿಷ್ಟು ಬೆವರಿರಿ. ಸ್ವೆಟರಿನೊಳಗೆ ತಲೆಯಿಟ್ಟವರು ಕಂಡರೆ ಮೊದಲು ಗಂಟೆ ಬಾರಿಸಿ, ಅವರು ಹೊರಬಂದು ಕೂದಲು ಸರಿಮಾಡಿಕೊಂಡ ಮೇಲೆ ದೋಣಿಯನ್ನು ಬಿಡಿಸಿರಿ. ಇದ್ಯಾವುದೂ ಆಗದಿದ್ದರೆ, ಕಂಬ ಇಳಿದು ಮುಂದಿನ ರಜೆಗೆ ನಮ್ಮ ಜೊತೆ ಬನ್ನಿ. ಊಟದ ಡಬ್ಬಿಯನ್ನು ತಾವು ತೊಡೆಯ ಮೇಲಿಟ್ಟುಕೊಳ್ಳಿ.

ತಾವು ತೆಗೆದ ಚಿತ್ರ, ದುಡ್ಡು ಕೊಟ್ಟು ತಂದದ್ದು, ಈಗ ಅಕ್ಕನ ನಡುಮನೆಯ ಗೋಡೆಯ ಮೇಲಿದೆ. ಬಂದವರೆಲ್ಲ ಮೊದಲು ಮೂಲೆ ನೋಡಿ ನನ್ನನ್ನು ಗುರುತಿಸುತ್ತಾರೆ. ಅಕ್ಕ ಹಲ್ಲಿನ ಡಾಕ್ಟರಿಗೆ ಬರುವುದಿಲ್ಲವೆಂದು ಫೋನು ಮಾಡಿಸಿದ್ದಾಳೆ. ಗೋಡೆಯ ಮೇಲಿನ ಹಲ್ಲಿಗೂ ಬಾಯೊಳಗಿನ ಹಲ್ಲಿಗೂ ತಾಳೆಯಾಗದಿದ್ದರೆ ಜನ ಇದ್ಯಾರೆಂದು ಕೇಳುತ್ತಾರಂತೆ. ಡಾಕ್ಟರು ತಮಗೆ ಬೇರೆಯೇ ದೂರು ಬರೆಯಬಹುದು, ಅದು ನನಗೆ ಸಂಬಂಧಿಸಿದ್ದಲ್ಲ.

ಕತ್ತು ಇನ್ನೂ ನೆಟ್ಟಗಾಗದ,
ತಮ್ಮ ವಿಶ್ವಾಸಿ,
ಮೂಲೆಯಲ್ಲಿರುವ ತಲೆಯಿಲ್ಲದವನು

ಮಡಿಚುವ ಮುನ್ನ ನೆನಪಾದದ್ದು: ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಕ್ಕನ ಎಡಗಡೆಯ ಹಲ್ಲಿನ ಮೇಲೆ ಸಣ್ಣಗೆ ಕಾಳು ಕಾಣುತ್ತದೆ. ನಾನಾಗಿದ್ದರೆ ನೂರರದು ಹಾಕುತ್ತಿದ್ದೆ.