ಜಗತ್ತಿನ ಹುಟ್ಟಿನಿಂದ ದಾಖಲೆ ಇಲ್ಲದ ಮನೆಗಳ ಖಾತೆ ಬದಲಾವಣೆ ಕುರಿತು

ಸಂಖ್ಯೆ: ಖಾತೆ/ಮೂಲ/ಆದಿ/೦

ವಿಷಯ: ಖಾತೆ ಬದಲಾವಣೆಗೆ ಮುನ್ನ, ಜಗತ್ತು ಹೇಗೆ ಹುಟ್ಟಿತೆಂಬ ಬಗ್ಗೆ ಅರ್ಜಿದಾರರ ನಂಬಿಕೆ ದಾಖಲಿಸುವುದು.

ಉಲ್ಲೇಖ: ೧) ಲೆಕ್ಕಪರಿಶೋಧಕರ ಆಕ್ಷೇಪಣೆ: "ಮನೆ ಕಟ್ಟಿದವನಿಗೆ ಜಾಗ ಯಾರಿಂದ ಬಂತು? ಅವನಿಗೆ ಯಾರಿಂದ?" ೨) ಹಿಂದಿನ ಬೀದಿಯ ಟೈಲರ್ ಅಮ್ಮನವರ ಅರ್ಜಿ ಮತ್ತು ನೆನಪೋಲೆಗಳು.

ಗಂಡ ತೀರಿಕೊಂಡ ಕಾರಣ ಮನೆಯ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಕೊಡಲು ಸದರಿ ಅಮ್ಮನವರು ಕೋರಿರುತ್ತಾರೆ. ಹಿತ್ತಲ ಗೋಡೆ ವಾಲಿದೆಯೆಂದೂ, ಖಾತೆ ಇಲ್ಲದೆ ದುರಸ್ತಿಗೆ ಪರವಾನಗಿ ಸಿಗದೆಂದೂ, ಅದೇ ಗೋಡೆಯ ಪಕ್ಕ ತುಂಬು ಬಸುರಿ ಸೊಸೆ ಮಲಗುತ್ತಾಳೆಂದೂ ತಿಳಿಸಿರುತ್ತಾರೆ. ಆಕ್ಷೇಪಣೆಗೆ ಉತ್ತರ ಹುಡುಕುತ್ತಾ ಹಿಂದೆ ಹಿಂದೆ ಹೋದ ಈ ಕಚೇರಿಯು ಜಗತ್ತಿನ ಹುಟ್ಟಿನವರೆಗೂ ತಲುಪಿದ್ದು, ಅಲ್ಲಿ ಸಹಿ, ಮೊಹರು ಯಾವುದೂ ಕಂಡುಬಂದಿರುವುದಿಲ್ಲ. ಆದಕಾರಣ ಈ ಮೂಲಕ ಸೂಚಿಸಲಾಗಿದೆ:

೧. ದೇವರು ಸೃಷ್ಟಿಸಿದನೆನ್ನುವವರು ದೇವರಿಂದಲೇ 'ಆಕ್ಷೇಪಣೆ ಇಲ್ಲ' ಪತ್ರ ತರತಕ್ಕದ್ದು. ಪರವಾಗಿ ಬೇರೆಯವರು ಹಾಕಿದ ಸಹಿ ನಡೆಯುವುದಿಲ್ಲ.

೨. ಮೊಟ್ಟೆಯಿಂದ ಬಂತೆನ್ನುವವರು ಇಟ್ಟವರ ವಿವರ ನೀಡಿ, ಚಿಪ್ಪನ್ನು ಲಗತ್ತಿಸತಕ್ಕದ್ದು.

೩. ಮಹಾಸ್ಫೋಟವೆನ್ನುವವರು ಅಗ್ನಿಶಾಮಕ ದಳದ ವರದಿ ಹಾಗೂ ಸ್ಫೋಟಕ್ಕೆ ಮುಂಚೆ ಪಡೆದ ಅನುಮತಿಯನ್ನು ಹಾಜರುಪಡಿಸತಕ್ಕದ್ದು. "ಮುಂಚೆ ಅನ್ನೋದೇ ಇರ್ಲಿಲ್ಲ ಸಾರ್" ಎಂಬ ನೆಪ ಕೇಳಿ ಕೇಳಿ ಈ ಕಚೇರಿಗೆ ಸಾಕುಬೇಕಾಗಿದೆ.

೪. ಜಗತ್ತಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ ಎನ್ನುವವರ ಕಡತಕ್ಕೂ ಆದಿಯಾಗಲಿ ಅಂತ್ಯವಾಗಲಿ ಇರುವುದಿಲ್ಲ.

೫. ಜಗತ್ತು ಬರೀ ಮಾಯೆ ಎನ್ನುವವರು ಶುಲ್ಕವನ್ನು ಮಾತ್ರ ನಿಜವೆಂದು ಭಾವಿಸಿ ಪಾವತಿಸತಕ್ಕದ್ದು.

೬. ಗೊತ್ತಿಲ್ಲ ಎನ್ನುವವರು, ಗೊತ್ತಿಲ್ಲವೆಂಬುದು ತಮಗೆ ಹೇಗೆ ಗೊತ್ತಾಯಿತೆಂದು ಪ್ರಮಾಣ ಮಾಡಿ ಬರೆದುಕೊಡತಕ್ಕದ್ದು.

೭. ದಾಖಲೆ ಗುಮಾಸ್ತರು (ಸೃಷ್ಟಿ ಪಕ್ಷ) ಮತ್ತು ಬೆರಳಚ್ಚುಗಾರ್ತಿಯವರು (ಸ್ಫೋಟ ಪಕ್ಷ) ಪರಸ್ಪರ ಮಾತು ಬಿಟ್ಟಿರುವುದರಿಂದ ಕಡತಗಳು ಇಬ್ಬರ ಮೇಜಿನ ನಡುವೆ ನೆಲದ ಮೇಲೆ ಬಿದ್ದಿರುತ್ತವೆ. ಇನ್ನು ಮುಂದೆ ಕಚೇರಿ ವೇಳೆಯಲ್ಲಿ ಜಗತ್ತು ಇನ್ನೂ ಹುಟ್ಟಿಲ್ಲವೆಂದು ಇಬ್ಬರೂ ಭಾವಿಸತಕ್ಕದ್ದು.

೮. ನಂಬಿಕೆ ಯಾವುದೆಂದು ವಿಚಾರಿಸಲಾಗಿ ಟೈಲರ್ ಅಮ್ಮನವರು ನೀಡಿದ ಹೇಳಿಕೆ: "ಅಯ್ಯೋ, ಮನೆ ನಮ್ಮ ಮಾವ ಕಟ್ಟಿದ್ದು ಸ್ವಾಮಿ. ನಿಮ್ಮ ಜಗತ್ತು ಎಲ್ಲಿಂದಾದ್ರೂ ಬಂದಿರ್ಲಿ, ಆ ಗೋಡೆ ಮಾತ್ರ ಇವತ್ತೋ ನಾಳೆಯೋ ನಮ್ಮ ಮೈಮೇಲೆ ಬರುತ್ತೆ!" ಮಾವನವರೇ ಸೃಷ್ಟಿಕರ್ತರೆಂಬ ಈ ವಾದದಲ್ಲಿ, ಅವರು ಮಣ್ಣನ್ನು ಎಲ್ಲಿಂದ ತಂದರೆಂಬ ವಿವರ ಇಲ್ಲದ ಕಾರಣ ಅರ್ಜಿಯನ್ನು ಹಿಂದಿರುಗಿಸಲಾಗಿತ್ತು.

೯. ಸದರಿ ಗೋಡೆಯು ನಿನ್ನೆ ಮಧ್ಯಾಹ್ನ ಕುಸಿದು, ಉಳಿದ ಮನೆಯನ್ನೂ ಎಳೆದುಕೊಂಡು ಬಿದ್ದಿರುತ್ತದೆ. ಸೊಸೆಯನ್ನು ಆಗಷ್ಟೇ ಹೆರಿಗೆಗೆ ಕರೆದೊಯ್ದಿದ್ದರಿಂದ ಜೀವಹಾನಿ ಇಲ್ಲ. ಹೆಣ್ಣು ಮಗು ಜನಿಸಿದ್ದು, ಅತ್ತೆ, ಸೊಸೆ, ಕೂಸು ಮೂವರೂ ಆಸ್ಪತ್ರೆಯ ವರಾಂಡದಲ್ಲಿ ಇರುತ್ತಾರೆ. ಖಾತೆ ಮಾಡಲು ಮನೆಯಾಗಲಿ, ದುರಸ್ತಿ ಮಾಡಲು ಗೋಡೆಯಾಗಲಿ ಉಳಿದಿಲ್ಲವಾದ್ದರಿಂದ ಅರ್ಜಿಯನ್ನು ತೃಪ್ತಿಕರವಾಗಿ ವಿಲೇವಾರಿ ಮಾಡಲಾಗಿದೆ.

(ಸಹಿ ಇದೆ)
ರಜೆಯಲ್ಲಿರುವ ಅಧೀಕ್ಷಕರ ಪರವಾಗಿ
ಮೂಲ ಶೋಧನಾ ವಿಭಾಗ

ಪ್ರತಿಗಳು:
— ಲೆಕ್ಕಪರಿಶೋಧಕರಿಗೆ, ದಯವಿಟ್ಟು ಇನ್ನೊಂದು ಪ್ರಶ್ನೆ ಕೇಳಬಾರದೆಂಬ ಕೋರಿಕೆಯೊಂದಿಗೆ.
— ಸೃಷ್ಟಿಕರ್ತರಿಗೆ (ಇದ್ದಲ್ಲಿ), ವಿಳಾಸ ಪತ್ತೆಯಾಗದ ಕಾರಣ ಕಚೇರಿಯ ಸೂಚನಾ ಫಲಕದ ಮೂಲಕ.
— ಟೈಲರ್ ಅಮ್ಮನವರಿಗೆ, ಮನೆಯ ಬಾಗಿಲಿಗೆ ಅಂಟಿಸುವ ಮೂಲಕ. ಬಾಗಿಲು ಇಲ್ಲದಿದ್ದಲ್ಲಿ, ಬಾಗಿಲು ಇದ್ದ ಜಾಗದಲ್ಲಿ ಜವಾನನು ಇದನ್ನು ಹಿಡಿದುಕೊಂಡು ನಿಲ್ಲತಕ್ಕದ್ದು.